ಬ್ಯಾಂಕು ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ನನಗೆ ಒಪ್ಪಿಸಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಮಾಡೋದು ಬೇಸಾಯ, ಜೊತೆಗೆ ನಿಮ್ಮೆಲ್ಲರ ಆಶೀರ್ವಾದದಿಂದ ಈ ಸಂಘದ ನಿರ್ದೇಶಕನ ಕೆಲಸ. ಹಾಗಾಗಿ ನಮಗೆ ಹತ್ತಿರದವರನ್ನೇ ಆರಿಸಿಕೊಂಡೆ. ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲೇ ಹುಟ್ಟಿ ಇಡೀ ದೇಶಕ್ಕೆ ಬೆಳಕಾದ ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೇ ಆ ಮಹನೀಯರು.

ಅವರ ಹೆಸರು ಹೇಳಿದರೆ ಸಣ್ಣ ಮಕ್ಕಳೂ ಕನ್ನಂಬಾಡಿ ಕಟ್ಟೆ ಅಂತಾರೆ. ಅದು ಸರಿಯೇ. ಆದರೆ ಇದೇ ಪುಣ್ಯಾತ್ಮರು ಬ್ಯಾಂಕನ್ನೂ ಕಟ್ಟಿದರು, ಅದೂ ದೇಶದಲ್ಲಿ ಒಂದರ ಹಿಂದೆ ಒಂದು ಬ್ಯಾಂಕು ಮುಳುಗುತ್ತಿದ್ದ ಕಾಲದಲ್ಲಿ ಕಟ್ಟಿದರು ಎಂಬ ಸಂಗತಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಾಲ ಕೊಟ್ಟು ಠೇವಣಿ ಇಟ್ಟುಕೊಳ್ಳುವ ನಮ್ಮಂಥ ಸಂಘಕ್ಕೆ ಅವರ ಬದುಕಿನ ಈ ಭಾಗವೇ ಹೆಚ್ಚು ಬೇಕಾದದ್ದು. ಆದ್ದರಿಂದ ಕಟ್ಟೆ, ಕಾರ್ಖಾನೆಗಳ ವಿಷಯ ಬೇಗ ಹೇಳಿ ಮುಗಿಸಿ, ಬ್ಯಾಂಕಿನ ವಿಷಯ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಸೆಪ್ಟೆಂಬರ್ 15 ಅವರ ಜನ್ಮದಿನ, ಅದನ್ನೇ ನಾವು ಇಂಜಿನಿಯರುಗಳ ದಿನ ಎಂದು ಆಚರಿಸುತ್ತೇವೆ. ಇಸವಿ 1861 ಎಂದು ವಾಡಿಕೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ದೊಡ್ಡ ಸಿರಿವಂತರ ಮನೆಯಲ್ಲ. ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿಯುತ್ತಿದ್ದ ಹುಡುಗನಿಗೆ ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮುಂದಿನ ಓದಿಗೆ ಸೋದರಮಾವನವರ ಆಸರೆಯಲ್ಲಿ ಬೆಂಗಳೂರಿಗೆ ಬಂದರು.

ಬೆಂಗಳೂರಿನಲ್ಲಿ ಅವರು ಮನೆಪಾಠ ಹೇಳಿಕೊಟ್ಟು ತಮ್ಮ ಖರ್ಚು ತಾವೇ ದುಡಿದುಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸು ಮಾಡಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪೂನಾಕ್ಕೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿಕೊಂಡರು. ಎರಡು ಹೊತ್ತಿನ ಊಟದ ಲೆಕ್ಕ ಬರೆದುಕೊಂಡು ಓದಿದ ಹುಡುಗನಿಗೆ ದುಡ್ಡಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀರಿನ ಲೆಕ್ಕ

ಮುಂಬಯಿ ಪ್ರಾಂತ್ಯದಲ್ಲಿ ಅವರು ಇಪ್ಪತ್ತೈದು ವರ್ಷದ ಹತ್ತಿರ ದುಡಿದರು. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು. ದಖ್ಖನಿನ ಕಾಲುವೆಗಳಲ್ಲಿ ಸರದಿ ಪ್ರಕಾರ ನೀರು ಬಿಡುವ ಬ್ಲಾಕ್ ಪದ್ಧತಿ ತಂದರು. ಮೇಲಿನವರೇ ನೀರೆಲ್ಲ ಎಳೆದುಕೊಂಡು ಕೊನೆಯವರ ಹೊಲ ಒಣಗುವುದು ತಪ್ಪಬೇಕು ಎಂಬುದು ಅದರ ಉದ್ದೇಶ.

1903ರಲ್ಲಿ ಪೂನಾ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ಯೋಚಿಸಿ ಕಂಡುಹಿಡಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತೆ, ನೀರು ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಯಾರನ್ನೂ ಕೇಳುವ ಹಾಗಿಲ್ಲ, ಯಾರ ಮುಲಾಜೂ ಇಲ್ಲ. ಕೆರೆ ಕೆಳಗೆ ಗದ್ದೆ ಇರುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕೋಡಿ ಸರಿಯಿಲ್ಲದ ಕೆರೆ ಎಷ್ಟು ದೊಡ್ಡದಾದರೇನು, ಒಂದು ರಾತ್ರಿಯ ಮಳೆಗೆ ಏರಿ ಒಡೆದು ಹೋಗುತ್ತೆ. ದುಡ್ಡಿನ ಸಂಸ್ಥೆಗೂ ಇಂಥದ್ದೊಂದು ಕೋಡಿ ಬೇಕು. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಮತ್ತೆ ಈ ಮಾತು ಬರುತ್ತೆ.

1908ರಲ್ಲಿ ಮೂಸಿ ನದಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ ಹೈದರಾಬಾದ್ ನಗರದ ರಕ್ಷಣೆಗೆ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲವದು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. 1912ರ ನವೆಂಬರ್‌ನಲ್ಲಿ ಮಹಾರಾಜರು ಅವರನ್ನು ಮೈಸೂರಿನ ದಿವಾನರನ್ನಾಗಿ ನೇಮಿಸಿದರು.

ದುಡ್ಡು ಮುಳುಗಿದ ಕಾಲ

ಈಗ ನಾವು ಆ ಕಾಲದ ದುಡ್ಡಿನ ಪರಿಸ್ಥಿತಿ ನೋಡಬೇಕು. ಇಲ್ಲದಿದ್ದರೆ ಎಂ.ವಿ. ಅವರು ಎಷ್ಟು ದೊಡ್ಡ ಜವಾಬ್ದಾರಿಗೆ ಹೆಗಲು ಕೊಟ್ಟರು ಅನ್ನೋದು ತಿಳಿಯೋದಿಲ್ಲ.

ರೈತನಿಗೆ ಆಗ ಸಾಲ ಅಂದರೆ ಸಾಹುಕಾರ. ಹೆಂಡತಿಯ ಒಡವೆ, ಹೊಲದ ಪತ್ರ ಅವನ ಪೆಟ್ಟಿಗೆಯಲ್ಲಿ. ಇದನ್ನು ತಪ್ಪಿಸಲು ಮೈಸೂರು ಸರ್ಕಾರ 1894ರಲ್ಲೇ ಕೃಷಿ ಬ್ಯಾಂಕುಗಳನ್ನು ಶುರು ಮಾಡಿತ್ತು. ಸರ್ಕಾರದ ದುಡ್ಡು ಸಾಲವಾಗಿ ಬಂತು, ಆದರೆ ವಸೂಲಿ ಸರಿಯಾಗಿ ಆಗಲಿಲ್ಲ. ಆ ಪ್ರಯತ್ನ ಕೈಗೂಡದೆ ನಿಂತುಹೋಯಿತು. 1905ರಲ್ಲಿ ಮೈಸೂರಿನಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಅದೇ ವರ್ಷ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟುಹಾಕಿದರು. ನಮ್ಮಂಥ ಸಂಘಗಳಿಗೆಲ್ಲ ಅದೇ ಮೂಲ.

ಪಟ್ಟಣದ ಕಡೆ ನೋಡಿದರೆ, ಬೆಂಗಳೂರು ದಂಡಿನ ಪ್ರದೇಶದಲ್ಲಿ ಮದ್ರಾಸ್ ಬ್ಯಾಂಕಿನ ಶಾಖೆ ಇತ್ತು. ಅದರ ವ್ಯವಹಾರವೆಲ್ಲ ಇಂಗ್ಲಿಷಿನವರದ್ದು, ದೊಡ್ಡ ವರ್ತಕರದ್ದು. ಆದರೆ ಊರು ಬೆಳೆಯುತ್ತಿತ್ತು. 1892ರಲ್ಲಿ ಚಾಮರಾಜಪೇಟೆ ಆಗಿತ್ತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದ ಮೇಲೆ ಗಾಳಿ ಬೆಳಕು ಇರುವ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಲ್ಲಿ ಬಂದು ನೆಲೆಸಿದವರಲ್ಲಿ ಗುಮಾಸ್ತರು, ಮೇಷ್ಟರು, ವಕೀಲರು, ಪಿಂಚಣಿದಾರರು ಇದ್ದರು. ತಿಂಗಳಿಗೆ ಐದೋ ಹತ್ತೋ ಉಳಿಸುವ ಜನ. ಉಳಿಸಿದ್ದನ್ನು ನಂಬಿ ಎಲ್ಲಿ ಇಡೋದು ಎಂಬುದೇ ಅಂಥವರ ಚಿಂತೆ.

ಚಿಂತೆಗೆ ಕಾರಣವೂ ಇತ್ತು. 1906ರ ಅಕ್ಟೋಬರ್‌ನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಅದು ನಿನ್ನೆ ಮೊನ್ನೆಯದಲ್ಲ, ನೂರು ವರ್ಷದ ಹಳೆಯ ಮನೆತನ. ಗೌರ್ನರರ ಅಂತಸ್ತಿನ ಜನರ ಜೊತೆ ಓಡಾಡುವ ಇಂಗ್ಲಿಷಿನವರ ಸಂಸ್ಥೆ. ಅವರ ಹತ್ತಿರ ಇಟ್ಟ ದುಡ್ಡು ಕಲ್ಲಿನಲ್ಲಿ ಕೆತ್ತಿದ ಹಾಗೆ ಅಂತ ದಕ್ಷಿಣ ದೇಶದ ಜನ ನಂಬಿದ್ದರು. ಒಳಗೆ ನೋಡಿದರೆ ಜನರ ಠೇವಣಿಯನ್ನು ದೂರ ದೇಶದ ಸಟ್ಟಾ ವ್ಯವಹಾರಗಳಲ್ಲಿ ಹಾಕಿ ಕಳೆದಿದ್ದರು. ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಪಾಲುದಾರ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಜೈಲು ಶಿಕ್ಷೆಯಾಯಿತು, ನಿಜ. ಆದರೆ ಶಿಕ್ಷೆಯಾದರೆ ವಿಧವೆಯ ದುಡ್ಡು ವಾಪಸು ಬರುತ್ತದೆಯೇ? ಆ ಸಂಕಟದಿಂದಲೇ ಮದ್ರಾಸಿನ ಮುಖಂಡರು ಸೇರಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿದರು.

ಅದೇ ಸುಮಾರಿಗೆ ಸ್ವದೇಶಿ ಚಳುವಳಿಯ ಹುಮ್ಮಸ್ಸಿನಲ್ಲಿ ದೇಶದ ತುಂಬ ಹೊಸ ಬ್ಯಾಂಕುಗಳು ಹುಟ್ಟಿದವು. ಉದ್ದೇಶ ಒಳ್ಳೆಯದೇ. ಆದರೆ ಕೆಲವರು ಬೇಗ ಬೆಳೆಯುವ ಆಸೆಗೆ ಹೆಚ್ಚು ಬಡ್ಡಿ ಕೊಟ್ಟು ಠೇವಣಿ ಎಳೆದರು. ಇವತ್ತು ನಾಳೆ ಕೇಳಬಹುದಾದ ದುಡ್ಡನ್ನು ಹತ್ತು ವರ್ಷಕ್ಕೆ ಫಲ ಕೊಡುವ ಕಾರ್ಖಾನೆಗಳಲ್ಲಿ ಹೂಡಿದರು. ಮೂರು ತಿಂಗಳ ರಾಗಿ ಬೆಳೆ ನಂಬಿ ಸಾಲ ತಂದು ತೆಂಗಿನ ಸಸಿ ನೆಟ್ಟ ಹಾಗೆ. ಇನ್ನು ಕೆಲವರು ಬೆಳ್ಳಿ, ಮುತ್ತಿನ ಸಟ್ಟಾಕ್ಕೆ ಇಳಿದರು. ಕಷ್ಟಕಾಲಕ್ಕೆ ಅಂತ ಕಾದಿಟ್ಟ ನಗದು ಕಡಿಮೆ. ಲೆಕ್ಕ ನೋಡುವವರು ಸಡಿಲ. ಬ್ಯಾಂಕುಗಳಿಗೇ ಅಂತ ಪ್ರತ್ಯೇಕ ಕಾನೂನು ಆಗ ಇರಲಿಲ್ಲ, ರಿಜರ್ವ್ ಬ್ಯಾಂಕ್ ಹುಟ್ಟಿರಲಿಲ್ಲ. ಕೋಡಿಯೇ ಇಲ್ಲದ ಕೆರೆಗಳು!

1913ರ ಸೆಪ್ಟೆಂಬರ್‌ನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಹಣ ಕೊಡುವುದನ್ನು ನಿಲ್ಲಿಸಿತು. ಅದರ ಹಿಂದೆಯೇ ಮುಂಬಯಿಯ ಕ್ರೆಡಿಟ್ ಬ್ಯಾಂಕ್, ಇಂಡಿಯನ್ ಸ್ಪೀಸಿ ಬ್ಯಾಂಕ್ ಬಿದ್ದವು. ಮುಂದಿನ ನಾಲ್ಕೈದು ವರ್ಷದಲ್ಲಿ ದೇಶದಲ್ಲಿ ಹತ್ತಾರು ಬ್ಯಾಂಕುಗಳು ಮುಚ್ಚಿದವು. ಒಂದು ಬ್ಯಾಂಕು ಬಿತ್ತು ಅಂದರೆ ಜನ ಗಟ್ಟಿಯಾಗಿದ್ದ ಬ್ಯಾಂಕಿನ ಮುಂದೆಯೂ ಸಾಲು ನಿಲ್ಲುತ್ತಿದ್ದರು. ಭಯ ಅನ್ನೋದು ಹುಲ್ಲಿನ ಬಣವೆಗೆ ಬಿದ್ದ ಕಿಡಿ, ಯಾರ ಬಣವೆ ಅಂತ ನೋಡೋದಿಲ್ಲ.

ಮೈಸೂರು ಬ್ಯಾಂಕಿನ ಹುಟ್ಟು

ಇಂಥ ಹೊತ್ತಿನಲ್ಲಿ, ಲಾಹೋರಿನ ಬ್ಯಾಂಕು ಬಿದ್ದ ಕೆಲವೇ ದಿನಗಳಲ್ಲಿ, 1913ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬ್ಯಾಂಕ್ ಆಫ್ ಮೈಸೂರು ಆರಂಭವಾಯಿತು. ಇದಕ್ಕೆ ಮುಂಚೆ ಎಂ.ವಿ. ಅವರ ಅಧ್ಯಕ್ಷತೆಯ ಬ್ಯಾಂಕಿಂಗ್ ಸಮಿತಿ ಸಂಸ್ಥಾನಕ್ಕೆ ತನ್ನದೇ ಬ್ಯಾಂಕು ಬೇಕೆಂದು ಶಿಫಾರಸು ಮಾಡಿತ್ತು. ನಾಲ್ವಡಿಯವರು ಒಪ್ಪಿ ಆಶ್ರಯ ಕೊಟ್ಟರು.

ಬೇರೆ ಯಾರಾದರೂ ಆಗಿದ್ದರೆ ಈ ಗಲಾಟೆ ತಣ್ಣಗಾಗಲಿ, ಎರಡು ವರ್ಷ ಬಿಟ್ಟು ನೋಡೋಣ ಅಂತಿದ್ದರೇನೋ. ಎಂ.ವಿ. ಅವರು ನಿಲ್ಲಿಸಲಿಲ್ಲ. ಅವರ ಲೆಕ್ಕ ಬೇರೆ ಇತ್ತು. 1911ರಲ್ಲಿ ಅವರ ಪ್ರಯತ್ನದಿಂದಲೇ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಗಿತ್ತು. ವ್ಯವಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಸಮಿತಿಗಳು ಕೆಲಸ ಮಾಡುತ್ತಿದ್ದವು. ಕಾರ್ಖಾನೆ ಬೇಕು, ವ್ಯಾಪಾರ ಬೆಳೆಯಬೇಕು ಅಂದರೆ ಬಂಡವಾಳ ಬೇಕು. ಬಂಡವಾಳ ಜನರ ಮನೆಯ ಮಡಕೆಯಲ್ಲಿ, ನೆಲದ ಒಳಗೆ, ಒಡವೆಯ ರೂಪದಲ್ಲಿ ಕೂತಿತ್ತು. ಅದು ಹೊರಗೆ ಬರಬೇಕಾದರೆ ನಂಬಿಕೆ ಬೇಕು.

ಆ ನಂಬಿಕೆಗೆ ಎರಡು ಆಧಾರ ಇದ್ದವು. ಒಂದು, ಸಂಸ್ಥಾನದ ಬೆಂಬಲ. ಮಹಾರಾಜರ ಹೆಸರಿನ ನೆರಳು ಇದೆ ಎಂದರೆ ಪೇಟೆಯ ವರ್ತಕನೂ ಧೈರ್ಯ ಮಾಡುತ್ತಾನೆ. ಇನ್ನೊಂದು, ಮೊದಲು ಸಮಿತಿ ಕೂತು ವಿಚಾರ ಮಾಡಿ, ಆಮೇಲೆ ಬಾಗಿಲು ತೆರೆದದ್ದು. ನೀಲಿನಕ್ಷೆ ಇಲ್ಲದೆ ಕಟ್ಟೆಗೆ ಕಲ್ಲು ಇಡದ ಇಂಜಿನಿಯರು ಬ್ಯಾಂಕಿನ ವಿಷಯದಲ್ಲೂ ಅದೇ ಶಿಸ್ತು ಹಿಡಿದರು. ಸುತ್ತ ಬ್ಯಾಂಕುಗಳು ಬೀಳುತ್ತಿದ್ದಾಗ ಹುಟ್ಟಿದ ಈ ಕೂಸು ಬದುಕಿತು, ಬೆಳೆಯಿತು.

ಅದರ ಆಯಸ್ಸು ನೂರು ದಾಟಿತು. 1953ರಲ್ಲಿ ರಿಜರ್ವ್ ಬ್ಯಾಂಕಿನ ಏಜೆಂಟಾಗಿ ಸರ್ಕಾರಿ ಖಜಾನೆಯ ಕೆಲಸ ವಹಿಸಿಕೊಂಡಿತು. 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆಯಾಗಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದು ಮನೆಮಾತಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಆದರೂ ಬೆಂಗಳೂರಿನ ಅವೆನ್ಯೂ ರಸ್ತೆ, ಕೆಂಪೇಗೌಡ ರಸ್ತೆ ಸೇರುವ ಕಡೆ ಬಸ್ಸು ಇಳಿಯುವವರು ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ ಅಂತಲೇ ಕೇಳಿ ಇಳಿಯುತ್ತಾರೆ. ಬೋರ್ಡು ಹೋದರೂ ಹೆಸರು ಹೋಗಲಿಲ್ಲ.

ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕು

ವರ್ತಕರಿಗೆ, ಕೈಗಾರಿಕೆಯವರಿಗೆ ಬ್ಯಾಂಕಾಯಿತು. ರೈತನಿಗೆ? ಎಂ.ವಿ. ಅವರು ದಿವಾನರಾಗಿದ್ದಾಗಲೇ, 1915ರಲ್ಲಿ, ಮೈಸೂರು ಪ್ರಾಂತೀಯ ಸಹಕಾರ ಅಪೆಕ್ಸ್ ಬ್ಯಾಂಕು ಸ್ಥಾಪನೆಯಾಯಿತು. ಅದೇ ಇವತ್ತಿನ ಕರ್ನಾಟಕ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕು. ನಮ್ಮ ಸದಸ್ಯರು ಪಡೆಯುವ ಬೆಳೆ ಸಾಲ ಅಪೆಕ್ಸ್ ಬ್ಯಾಂಕಿನಿಂದ ಡಿ.ಸಿ.ಸಿ. ಬ್ಯಾಂಕಿಗೆ, ಅಲ್ಲಿಂದ ಸಂಘಕ್ಕೆ, ಸಂಘದಿಂದ ನಮ್ಮ ಕೈಗೆ, ಹೀಗೆ ಮೂರು ಮೆಟ್ಟಿಲು ಇಳಿದು ಬರುತ್ತೆ. ಅಪೆಕ್ಸ್ ಬ್ಯಾಂಕಿನ ಕಚೇರಿ ಇರುವುದು ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅದೂ 1915ರಲ್ಲೇ ಎಂ.ವಿ. ಅವರ ಪ್ರೋತ್ಸಾಹದಿಂದ ಹುಟ್ಟಿದ್ದು. ರೈತನ ಸಾಲದ ಮನೆ, ಕನ್ನಡದ ಮನೆ ಎರಡೂ ಒಂದೇ ಬೀದಿಯಲ್ಲಿ ಇರುವುದನ್ನು ನೋಡಿದಾಗ ಮನಸ್ಸಿಗೆ ಸಂತೋಷವಾಗುತ್ತೆ. ಬಸವನಗುಡಿಗೆ ಅಂಟಿಕೊಂಡ ವಿಶ್ವೇಶ್ವರಪುರಕ್ಕೆ ಅವರ ಹೆಸರೇ ಇದೆ.

ದಿವಾನಗಿರಿಯ ಆರು ವರ್ಷದಲ್ಲಿ ಅವರು ಮಾಡಿದ್ದು ಒಂದೆರಡಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ಗಂಧದೆಣ್ಣೆ, ಸಾಬೂನು ಕಾರ್ಖಾನೆಗಳು ಬಂದವು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು. 1915ರಲ್ಲಿ ಸರ್ ಪದವಿ ಬಂತು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಜನಾಂಗಗಳಿಗೆ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಭೇದ ಬಂದು 1918ರ ಕೊನೆಯಲ್ಲಿ ಅಧಿಕಾರ ಬಿಟ್ಟರು. ಈ ಒಂದು ವಿಚಾರದಲ್ಲಿ ನಾಲ್ವಡಿಯವರ ದಾರಿಯೇ ನಮ್ಮಂಥ ಹಳ್ಳಿ ಮಕ್ಕಳಿಗೆ ನೌಕರಿಯ ಬಾಗಿಲು ತೆರೆಯಿತು ಎಂದು ನಾನು ತಿಳಿದಿದ್ದೇನೆ. ಭೇದ ಇದ್ದಾಗ ಕುರ್ಚಿಗೆ ಅಂಟಿಕೊಳ್ಳದೆ ಎದ್ದು ಹೋದರಲ್ಲ, ಅದು ಅವರ ದೊಡ್ಡತನ.

ಹೆಸರು ಉಳಿಸಿಕೊಂಡ ಬಗೆ

ಬ್ಯಾಂಕು ಕಟ್ಟುವವನ ಕೈ ಶುದ್ಧವಾಗಿರಬೇಕು ಅನ್ನೋದಕ್ಕೆ ಅವರ ಬದುಕೇ ಸಾಕ್ಷಿ. ಖಡಕ್‌ವಾಸ್ಲಾ ಗೇಟಿನ ಮೇಲೆ ಅವರಿಗೆ ರಾಯಲ್ಟಿ ಪಡೆಯುವ ಅವಕಾಶ ಇದ್ದರೂ ಸರ್ಕಾರದ ಕೆಲಸದಲ್ಲಿದ್ದಾಗ ಮಾಡಿದ್ದೆಂದು ತೆಗೆದುಕೊಳ್ಳಲಿಲ್ಲ. ದಿವಾನ ಪದವಿ ಒಪ್ಪಿಕೊಳ್ಳುವ ಮುಂಚೆ ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದು, ಯಾರೂ ಶಿಫಾರಸಿಗೆ ಬರಬಾರದೆಂದು ಮಾತು ತೆಗೆದುಕೊಂಡ ಮೇಲೆಯೇ ಒಪ್ಪಿದರು ಎಂದು ನಮ್ಮ ಕಡೆ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಸರ್ಕಾರದ ಕೆಲಸಕ್ಕೆ ಒಂದು ದೀಪ, ಸ್ವಂತ ಕೆಲಸಕ್ಕೆ ಇನ್ನೊಂದು ದೀಪ ಹಚ್ಚುತ್ತಿದ್ದರು ಎಂಬ ಕಥೆಯೂ ಉಂಟು. ಕಥೆಯಲ್ಲಿ ಎಷ್ಟು ಬಣ್ಣ ಸೇರಿದೆಯೋ, ಆದರೆ ಜನ ಎಲ್ಲರ ಮೇಲೂ ಇಂಥ ಕಥೆ ಕಟ್ಟೋದಿಲ್ಲ ಎಂಬುದನ್ನು ಗಮನಿಸಬೇಕು.

ಭದ್ರಾವತಿ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿಕೊಂಡು, ಮುಚ್ಚಿಬಿಡಿ ಎಂಬ ಮಾತು ಎದ್ದಾಗ 1923ರಲ್ಲಿ ಅದರ ಆಡಳಿತವನ್ನು ಅವರೇ ವಹಿಸಿಕೊಂಡರು. ಆಗ ಅವರಿಗೆ ಅರವತ್ತು ದಾಟಿತ್ತು. ಖರ್ಚಿಗೆ ಕಡಿವಾಣ ಹಾಕಿ, ಲೆಕ್ಕ ಬಿಗಿ ಮಾಡಿ 1929ರ ತನಕ ನಡೆಸಿ ಹಳಿಗೆ ತಂದರು. ಆ ಕೆಲಸಕ್ಕೆ ಬಂದ ಸಂಭಾವನೆಯನ್ನು ಮನೆಗೆ ಒಯ್ಯದೆ ಹುಡುಗರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹೀಗೆ ಹುಟ್ಟಿದ್ದು. ನಷ್ಟದ ಸಂಸ್ಥೆಯನ್ನು ಮೇಲೆತ್ತಬಹುದು, ಆದರೆ ಮೊದಲು ನಷ್ಟ ಇದೆ ಅಂತ ಲೆಕ್ಕದಲ್ಲಿ ತೋರಿಸಬೇಕು. ಮುಚ್ಚಿಟ್ಟ ಗಾಯ ಕೀವಾಗುತ್ತೆ.

1934ರಲ್ಲಿ ಭಾರತಕ್ಕೆ ಯೋಜನಾಬದ್ಧ ಆರ್ಥಿಕ ವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳಿಗೆ ಹದಿನೇಳು ವರ್ಷ ಮುಂಚಿನ ಮಾತಿದು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ ತಿಂಗಳಿನಲ್ಲಿ, ನೂರು ವರ್ಷ ದಾಟಿದ ತುಂಬು ಜೀವನ ನಡೆಸಿ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.

ಬ್ಯಾಂಕುಗಳಿಗೆ ಕೋಡಿ ಬಂದದ್ದು

ಅವರ ಆಯುಷ್ಯದ ಒಳಗೇ ದೇಶ ಬ್ಯಾಂಕುಗಳಿಗೆ ಒಂದೊಂದೇ ಕೋಡಿ ಕಟ್ಟಿತು. ಪ್ರತಿಯೊಂದರ ಹಿಂದೆಯೂ ಜನರ ಕಣ್ಣೀರು ಇದೆ. 1935ರಲ್ಲಿ ರಿಜರ್ವ್ ಬ್ಯಾಂಕ್ ಬಂತು. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿ ದಕ್ಷಿಣ ದೇಶವೆಲ್ಲ ಗಾಬರಿಯಾಯಿತು. 1949ರಲ್ಲಿ ಬ್ಯಾಂಕುಗಳಿಗೇ ಆದ ಕಾನೂನು ಬಂತು. ಲೈಸೆನ್ಸ್ ಇಲ್ಲದೆ ಬ್ಯಾಂಕು ನಡೆಸುವಂತಿಲ್ಲ, ತನಿಖೆಗೆ ಒಳಪಡಬೇಕು ಎಂದಾಯಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಮೇಲೆ ಸಣ್ಣ ಠೇವಣಿದಾರನ ನೆನಪು ಬಂದು, 1962ರ ಜನವರಿ 1ರಿಂದ ಠೇವಣಿಗೆ ವಿಮೆ ಶುರುವಾಯಿತು. ಒಬ್ಬರಿಗೆ 1,500 ರೂಪಾಯಿ ತನಕ. ಎಂ.ವಿ. ಅವರು ಕಣ್ಣು ಮುಚ್ಚಿದ್ದು ಅದೇ ವರ್ಷ. 1966ರಿಂದ ಸಹಕಾರ ಬ್ಯಾಂಕುಗಳೂ ಬ್ಯಾಂಕಿಂಗ್ ಕಾನೂನಿನ ಒಳಗೆ ಬಂದವು. 2003ರಲ್ಲಿ ಪಟ್ಟಣ ಸಹಕಾರ ಬ್ಯಾಂಕುಗಳು ತಮ್ಮ ನಿರ್ದೇಶಕರಿಗೆ, ಅವರ ನೆಂಟರಿಗೆ ಸಾಲ ಕೊಡಬಾರದೆಂದು ರಿಜರ್ವ್ ಬ್ಯಾಂಕ್ ತಡೆ ಹಾಕಿತು.

ಇಷ್ಟೆಲ್ಲ ಇದ್ದೂ ತೊಂದರೆ ತಪ್ಪಲಿಲ್ಲ. 2019ರಲ್ಲಿ ಮುಂಬಯಿಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯಲ್ಲೇ ಇರುವ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂತು. ಖಾತೆಯಲ್ಲಿ ಎಷ್ಟೇ ಇದ್ದರೂ 35,000 ರೂಪಾಯಿ ಮಾತ್ರ ತೆಗೆಯಬಹುದು ಎಂದಾಯಿತು. ಜೀವಮಾನದ ಉಳಿತಾಯ, ನಿವೃತ್ತಿಯ ಹಣ, ಮಗಳ ಮದುವೆಯ ಹಣ ಇಟ್ಟ ಹಿರಿಯರು ಬೀದಿಯಲ್ಲಿ ನಿಂತದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ನೂರು ವರ್ಷ ಹಿಂದೆ ಅರ್ಬತ್‌ನಾಟ್ ಬಾಗಿಲಲ್ಲಿ ನಿಂತವರದ್ದೂ ಇದೇ ಸಂಕಟ. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಅದೇ ವರ್ಷ ಸಹಕಾರ ಬ್ಯಾಂಕುಗಳ ಮೇಲೆ ರಿಜರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಕೊಡುವ ಕಾನೂನೂ ಬಂತು.

ನಮ್ಮ ಸಂಘಕ್ಕೆ ಇದರಿಂದ ಪಾಠ

ಸದಸ್ಯ ಬಂಧುಗಳು ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಆ ಐದು ಲಕ್ಷದ ವಿಮೆ ಬ್ಯಾಂಕುಗಳಿಗೆ. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿಗೆ ಅದು ಅನ್ವಯಿಸೋದಿಲ್ಲ. 2020ರ ಕಾನೂನೂ ನಮ್ಮನ್ನು ಹೊರಗೇ ಇಟ್ಟಿದೆ. ನಮ್ಮ ಮೇಲೆ ಇರೋದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, ಸಹಕಾರ ಇಲಾಖೆ, ವರ್ಷಕ್ಕೊಮ್ಮೆ ಬರುವ ಆಡಿಟ್, ಇವುಗಳಿಗೆಲ್ಲ ಮೇಲಾಗಿ ಸರ್ವ ಸದಸ್ಯರ ಸಭೆ. ಅಂದರೆ ಗೂಡು ಮಾರಿದ ದುಡ್ಡನ್ನು, ಹಾಲಿನ ಬಟವಾಡೆಯನ್ನು ತಂದು ಇಲ್ಲಿ ಕಟ್ಟುವ ತಾಯಿಗೆ ನಾವೇ ಗ್ಯಾರಂಟಿ. ನಮ್ಮ ಹೆಸರೇ ವಿಮೆ.

2020ರಲ್ಲಿ ಬಸವನಗುಡಿಯ ಸುದ್ದಿ ಬಂದಾಗ ನಮ್ಮ ಸಂಘದ ಬಾಗಿಲಿಗೂ ಜನ ಬಂದರು. ಬೇರೆ ಯಾವುದೋ ಊರಿನ ಸುದ್ದಿ, ನಮಗೇನು ಅಂತ ಹೇಳಿ ಕಳಿಸಬಹುದಿತ್ತು. ನಮ್ಮ ಕಾರ್ಯದರ್ಶಿಯವರು ಹಾಗೆ ಮಾಡಲಿಲ್ಲ. ಕೇಳಿದವರಿಗೆ ಲೆಡ್ಜರ್ ತೆಗೆದು ತೋರಿಸಿದರು. ಡಿ.ಸಿ.ಸಿ. ಬ್ಯಾಂಕಿನಲ್ಲಿ ಇಟ್ಟಿರುವ ಮೀಸಲು ನಿಧಿಯ ರಸೀದಿ ತೋರಿಸಿದರು. ಬೇಕೇ ಬೇಕು ಅಂದವರಿಗೆ ಅದೇ ದಿನ ಹಣ ಎಣಿಸಿ ಕೊಟ್ಟರು. ಎರಡನೇ ವಾರಕ್ಕೆ ತೆಗೆದುಕೊಂಡು ಹೋದವರೇ ವಾಪಸು ತಂದು ಕಟ್ಟಿದರು. ಅವತ್ತು ನಮ್ಮನ್ನು ಕಾಪಾಡಿದ್ದು ಪೆಟ್ಟಿಗೆಯಲ್ಲಿದ್ದ ನಗದು ಮತ್ತು ಪುಸ್ತಕದಲ್ಲಿದ್ದ ನಿಜ.

ಈಗ ಬೆಳ್ಳಿಹಬ್ಬದ ಸಂಭ್ರಮದಲ್ಲಿ ಹಲವರು ಹಲವು ಸಲಹೆ ಕೊಡುತ್ತಿದ್ದಾರೆ. ಪಕ್ಕದ ಊರಿನಲ್ಲಿ ಹೆಚ್ಚು ಬಡ್ಡಿ ಕೊಡುತ್ತಾರೆ, ನಾವೂ ಠೇವಣಿಗೆ ಬಡ್ಡಿ ಏರಿಸೋಣ ಅಂತಾರೆ ಕೆಲವರು. ಚುನಾವಣೆ ಹತ್ತಿರ ಬಂದರೆ ಸಾಲ ಮನ್ನಾ ಆಗಬಹುದು, ಕಂತು ಕಟ್ಟೋದು ನಿಧಾನ ಮಾಡೋಣ ಅಂತಾರೆ ಇನ್ನು ಕೆಲವರು. ನಿರ್ದೇಶಕರ ಕಡೆಯವರು ಅಂತ ಜಾಮೀನು ಇಲ್ಲದೆ ಸಾಲ ಕೇಳುವವರೂ ಉಂಟು. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿಲ್ಲ. ಆದರೆ 1913ರಲ್ಲಿ ಬಿದ್ದ ಬ್ಯಾಂಕುಗಳ ಕಥೆ ಓದಿದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಹೆಚ್ಚು ಬಡ್ಡಿ ಕೊಡಬೇಕಾದರೆ ಹೆಚ್ಚು ಬಡ್ಡಿಗೆ ಸಾಲ ಕೊಡಬೇಕು. ಹೆಚ್ಚು ಬಡ್ಡಿಗೆ ಸಾಲ ತಗೊಳ್ಳೋನು ಎಲ್ಲೂ ಹುಟ್ಟದೇ ಬಂದವನಾಗಿರ್ತಾನೆ. ಅಲ್ಲಿಂದ ಏರಿಯಲ್ಲಿ ಬಿರುಕು ಶುರು. ಕಂತು ನಿಲ್ಲಿಸಿದರೆ ಮೇಲಿನ ಬ್ಯಾಂಕು ನಮಗೆ ಸಾಲ ನಿಲ್ಲಿಸುತ್ತೆ, ಸರಿಯಾಗಿ ಕಟ್ಟಿದವನಿಗೂ ಮುಂಗಾರಿಗೆ ಗೊಬ್ಬರ ತರಲು ಹಣ ಸಿಗೋದಿಲ್ಲ. ಇನ್ನು ನೆಂಟಸ್ತನದ ಸಾಲದ ವಿಷಯ. ದಿವಾನರು ನೆಂಟರಿಗೆ ಇಲ್ಲ ಎಂದರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಮಾತು ನಮ್ಮ ಬಾಯಲ್ಲಿ ಬರುವಾಗ ನಾಲಿಗೆ ಹೊರಳಬೇಕಲ್ಲವೇ?

ಆದ್ದರಿಂದ ಈ ಬೆಳ್ಳಿಹಬ್ಬದ ವರ್ಷದ ಸರ್ವ ಸದಸ್ಯರ ಸಭೆಯ ಮುಂದೆ ಮೂರು ವಿಷಯ ಇಡಬೇಕೆಂದು ನಾನು ಆಡಳಿತ ಮಂಡಳಿಯಲ್ಲಿ ಕೇಳಿದ್ದೇನೆ. ಒಂದು, ನಿರ್ದೇಶಕರು ಮತ್ತು ಅವರ ಮನೆಯವರ ಸಾಲದ ಪಟ್ಟಿ, ನನ್ನದೂ ಸೇರಿ, ಪ್ರತಿ ವರ್ಷ ಸಂಘದ ಬೋರ್ಡಿನಲ್ಲಿ ಹಾಕಬೇಕು. ಎರಡು, ಲಾಭ ಬಂದ ವರ್ಷ ಡಿವಿಡೆಂಡ್ ಸ್ವಲ್ಪ ಕಡಿಮೆಯಾದರೂ ಸರಿ, ಮೀಸಲು ನಿಧಿಗೆ ಕಾನೂನು ಹೇಳುವುದಕ್ಕಿಂತ ಹೆಚ್ಚು ಹಾಕಬೇಕು. ಮೂರು, ಆಡಿಟ್ ವರದಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಸದಸ್ಯರು ಊಟದ ಹೊತ್ತಿಗೆ ಬರದೆ ಸಭೆಯ ಹೊತ್ತಿಗೆ ಬಂದು ಈ ವಿಷಯಗಳ ಮೇಲೆ ಕೈ ಎತ್ತಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಸಂಸ್ಥಾನದ ಖಜಾನೆಯ ಪಕ್ಕದಲ್ಲಿ ಕೂತು, ಒಂದು ಕಾಸೂ ಕೈಗೆ ಅಂಟಿಸಿಕೊಳ್ಳದೆ ಎದ್ದು ಹೋದ ಆ ಧೀಮಂತರ ಹೆಸರು ಅಜರಾಮರ. ಮುಂದಿನ ಇಪ್ಪತ್ತೈದು ವರ್ಷ ಕಳೆದು ಸುವರ್ಣ ಮಹೋತ್ಸವ ಬಂದಾಗ ನಮ್ಮ ಮಕ್ಕಳು ಈ ಸಂಘದ ಹೆಸರನ್ನೂ ಅದೇ ಧೈರ್ಯದಿಂದ ಹೇಳುವಂತಾಗಲಿ. ಸಂಘದ ಸ್ಥಾಪಕ ಹಿರಿಯರಿಗೆ, ಕಾರ್ಯದರ್ಶಿಗಳಿಗೆ, ಸಿಬ್ಬಂದಿಗೆ ಹಾಗೂ ಸಮಸ್ತ ಸದಸ್ಯರಿಗೆ ಬೆಳ್ಳಿಹಬ್ಬದ ಶುಭಾಶಯಗಳು.

ಜೈ ಸಹಕಾರ, ಜೈ ಕರ್ನಾಟಕ.